ಏಳನೆಯ ಕೋಟೆ

ಲ್ಯಾಪ್‌ಟಾಪಿನ ಪರದೆಯ ಮೇಲೆ ಪುಟ್ಟ ಸಿಪಾಯಿ ಮತ್ತೆ ಕಂದಕಕ್ಕೆ ಬಿದ್ದು ಸತ್ತ. ಶಿವಪುತ್ರ ತೊಡೆ ಬಡಿದುಕೊಂಡ. ತಂಗಿ ಮಹೇಶ್ವರಿ ಬಿದ್ದು ಬಿದ್ದು ನಕ್ಕಳು.

"ಎರಡು ಜೀವ ಹೋದುವು ಅಣ್ಣಾ. ಈಗರೆ ಸೇವ್ ಮಾಡ್ಕೊಂಡು ಆಡು. ಎಮ್ಯುಲೇಟರ್‌ದಾಗ ಸತ್ತಲ್ಲಿಂದನ ಎದ್ದು ಬರಾಕ ಬರ್ತೈತಿ."

"ಏ, ಅದೆಂಥಾ ಆಟ! ಸತ್ರ ಸಾಯಬೇಕು."

ಇಳಕಲ್ಲಿನ ಇದೇ ಮನೆಯಲ್ಲಿ, ಶಾಲೆಗೆ ಹೋಗುವ ದಿನಗಳಲ್ಲಿ, ಇಬ್ಬರೂ ಟಿವಿಗೆ ಹಚ್ಚಿ ಆಡಿದ ಆಟ ಅದು. ಏಳನೆಯ ಕೋಟೆಯ ಬಾಗಿಲು ಅವರಿಗೆ ಒಮ್ಮೆಯೂ ತೆರೆದಿರಲಿಲ್ಲ. ಈಗ ವಿದ್ಯಾಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮಹೇಶ್ವರಿ, ಹಳೆಯ ಕ್ಯಾಸೆಟ್ಟಿನೊಳಗಿನ ಆಟವನ್ನು ಲ್ಯಾಪ್‌ಟಾಪಿಗೆ ಇಳಿಸಿ ಎಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ಮತ್ತೆ ಓಡುವಂತೆ ಮಾಡಿದ್ದಳು. ಅದನ್ನು ಮೊಬೈಲಿಗೂ ಹೊಂದುವಂತೆ ಬರೆಯುವ ಹುಚ್ಚು ಅವಳಿಗೆ. ಆರು ಕೋಟೆ ಮುಗಿದಿದ್ದವು. ಬಾಗಿಲಾಚೆ ಏನಿದೆಯೆಂದೇ ಗೊತ್ತಿಲ್ಲದ ಏಳನೆಯದನ್ನು ಬರೆಯುವುದು ಹೇಗೆ? ಅದಕ್ಕೇ ಭಾನುವಾರ ಮೊದಲ ಬಸ್ಸಿಗೇ ಅಣ್ಣನ ಬಳಿ ಓಡಿ ಬಂದಿದ್ದಳು. ಆಗ ಈ ಆಟದಲ್ಲಿ ಓಣಿಗೆಲ್ಲ ಅವನೇ ಹುಲಿ.

ನಲವತ್ತೈದರ ಹುಲಿ ಮಗ್ಗ ನಿಲ್ಲಿಸಿ, ಅಂಗಿಗೆ ಕೈ ಒರೆಸಿಕೊಂಡು, ಆಟದ ರಿಮೋಟು ಹಿಡಿದು ಕೂತಿತ್ತು. ಕೊನೆಯ ಜೀವ. ಸಿಪಾಯಿ ಮುಳ್ಳುಗಂಬ ದಾಟಿದ. ಬೆಂಕಿಯುಂಡೆ ತಪ್ಪಿಸಿದ. ಬಾಗಿಲ ಮುಂದೆ ಬಂದು ನಿಂತ. ಮಹೇಶ್ವರಿ ಪರದೆಯತ್ತ ಬಗ್ಗಿದಳು.

"ಜಿಗಿ ಅಣ್ಣಾ, ಜಿಗಿ!"

"ಜಿಗೀಬ್ಯಾಡ," ಎಂದಿತು ಹಿಂದಿನಿಂದ ಒಂದು ದನಿ. "ಕುಂದ್ರಸು ಅವನ್ನ. ಹತ್ತು ಎಣಿಸೂತನಾ ಕುಂತ್ರ ಬಾಗಲಾ ತಾನ ತಗೀತೈತಿ."

ಕಂಡಿಕೆಗೆ ರೇಷ್ಮೆ ಸುತ್ತುತ್ತ ಕೂತಿದ್ದ ಅವ್ವ ದುರ್ಗವ್ವ! ಶಿವಪುತ್ರನ ಹೆಬ್ಬೆರಳು ತಾನಾಗಿಯೇ ಕೆಳಗಿನ ಗುಂಡಿ ಒತ್ತಿತು. ಸಿಪಾಯಿ ಕುಕ್ಕರಗಾಲಲ್ಲಿ ಕೂತ. ಎಂಟು, ಒಂಬತ್ತು, ಹತ್ತು. ಬಾಗಿಲು ಗಡಗಡನೆ ತೆರೆಯಿತು.

"ಅವ್ವಾ! ನಿನಗ ಹ್ಯಾಂಗ ಗೊತ್ತು?"

"ಇಲ್ಲಿ ಕೊಡ. ಒಳಗ ನಾಗರಹಾವು ಐತಿ, ನಿನ್ನ ಕೈಲೆ ಆಗೂದಿಲ್ಲ."

ರಿಮೋಟು ಕಸಿದುಕೊಂಡ ದುರ್ಗವ್ವನ ಹೆಬ್ಬೆರಳುಗಳು ಕುಣಿದವು. ಮೂರೇ ಏಟಿಗೆ ಹಾವು ಸುರುಳಿಬಿಚ್ಚಿ ಬಿತ್ತು. ಪರದೆಯ ತುಂಬ ಬಾಣಬಿರುಸು. ಸಿಪಾಯಿ ರಾಣಿಯ ಕೈಹಿಡಿದು ಕುಣಿಯತೊಡಗಿದ. ಮಹೇಶ್ವರಿಯೂ ಎದ್ದು ಕುಣಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದು, ಅಷ್ಟು ವರ್ಷ ಕಾದಿದ್ದ ದೃಶ್ಯವೇ ಅವಳಿಗೆ ಮಸುಕಾಯಿತು.

"ನೀವು ಸಾಲಿಗೆ ಹೋದ ಮ್ಯಾಲೆ ದಿನಾ ಮಧ್ಯಾಹ್ನ ನಾನೂ ಬಾಜೂಮನಿ ಹಜರತಬಿನೂ ಆಡ್ತಿದ್ವಿ," ಎಂದಳು ದುರ್ಗವ್ವ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ.

"ಮತ್ತ ನಮಗ ಕಣ್ಣ ಕೆಡ್ತಾವ ಅಂತ ಬೈತಿದ್ದೆಲ್ಲ?" ಶಿವಪುತ್ರ ಕೇಳಿದ.

"ಬೈಲಿಲ್ಲಂದ್ರ ನನ್ನ ಪಾಳಿ ಯಾವಾಗ ಬರ್ತಿತ್ತೋ?"

ಅಷ್ಟು ಹೇಳಿ ಅವಳು ಹಿತ್ತಲ ಗೋಡೆಗೆ ಹೋಗಿ ಕೂಗಿದಳು: "ಹಜರತಬೀ! ಕ್ವಾಟಿ ಆಟ ಬಂದೈತಿ, ಲಗೂನ ಬಾರವಾ!"

ಹಿಟ್ಟಿನ ಕೈಯಲ್ಲೇ ಹಜರತಬಿ ಓಡೋಡಿ ಬಂದಳು. ಎಪ್ಪತ್ತರ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಮಹೇಶ್ವರಿ ನೋಟುಬುಕ್ಕು ಹಿಡಿದು ನಡುವೆ ತಲೆ ತೂರಿಸಿದಳು. "ಅವ್ವಾ, ಆ ಬಾಗಲಾ ಇನ್ನೊಮ್ಮೆ ತೋರ್ಸ, ಬರ್ಕೋತೇನಿ."

ದುರ್ಗವ್ವ ಪರದೆಯಿಂದ ಕಣ್ಣು ಕೀಳದೆ ಕೈಬೀಸಿದಳು.

"ಗದ್ದಲಾ ಹಾಕಬ್ಯಾಡ್ರಿ. ಇಬ್ಬರೂ ಹೊರಗ ಹೋಗಿ ಆಡ್ರಿ."