ಕಲಿಸಿದವರ ಹೆಸರು

“ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸು. ಕಿಟಕಿ ಸರಳು ಕಾಣ್ತಿದೆ.”

ಎಮೂರೊನ್ ಮೇಷ್ಟ್ರು ಹೇಳಿದಂತೆ ಒಕಿರೋರ್ ಲ್ಯಾಪ್‌ಟಾಪನ್ನು ತಿರುಗಿಸಿದ. ಸಮವಸ್ತ್ರದ ಮೇಲೆ ತೊಟ್ಟಿದ್ದ ಎರವಲು ಅಂಗಿ ಬೆವರಿಗೆ ಅಂಟುತ್ತಿತ್ತು. ಜೈಲಿನ ಗ್ರಂಥಾಲಯದಲ್ಲಿ ಇದ್ದವರು ಅವರಿಬ್ಬರೇ. ಕಂಪಾಲಾದ ಸಾಫ್ಟ್‌ವೇರ್ ಕಂಪನಿಯಿಂದ ಸಂದರ್ಶನದ ಕರೆ ಬರುವುದರಲ್ಲಿತ್ತು.

“ಯಾರು ಕಲಿಸಿದ್ದು ಅಂತ ಕೇಳಿದರೆ ನನ್ನ ಹೆಸರು ಎತ್ತಬೇಡ. ನಾನಾಗೇ ಕಲಿತೆ ಅನ್ನು,” ಎಂದರು ಮೇಷ್ಟ್ರು.

“ಸುಳ್ಳಾಗುತ್ತಲ್ಲ ಮೇಷ್ಟ್ರೇ.”

“ಈ ಗೋಡೆ ಇದಕ್ಕಿಂತ ದೊಡ್ಡ ಸುಳ್ಳು ಕೇಳಿದೆ, ಬಿಡು.”

ಅಪ್ಪ ತೀರಿಕೊಂಡಾಗ ಒಕಿರೋರನ ಕಾಲೇಜು ಅರ್ಧಕ್ಕೆ ನಿಂತಿತ್ತು. ಮನೆಯಲ್ಲಿ ತಂಗಿಯರು. ಆ ವರ್ಷವೇ ಅವನು ಈ ಗೋಡೆಯೊಳಗೆ ಬಂದ. ಎಂಜಿನಿಯರ್ ಆಗಬೇಕಿದ್ದವನು ಎಲ್ಲಿಗೆ ಬಂದು ಬಿದ್ದ ಎಂದು ಅವ್ವ ಗೇಟಿನ ಹತ್ತಿರ ನಿಂತು ಅತ್ತಿದ್ದಳು. ಆಮೇಲೆ ಬೆಳಗ್ಗೆ ಎಣಿಕೆ, ಸಂಜೆ ಎಣಿಕೆ, ನಡುವೆ ಬೀನ್ಸ್ ಬೇಯುವ ಅದೇ ವಾಸನೆ. ಹೆಂಡತಿ ದೂರದ ಹಳ್ಳಿಯಲ್ಲಿದ್ದಳು. ಅಪರೂಪಕ್ಕೆ ಕಂಡರೆ ಮಗಳು ಅವನ ಹತ್ತಿರ ಬರಲೂ ಹೆದರುತ್ತಿದ್ದಳು.

ಒಂದು ದಿನ ಮೇಷ್ಟ್ರು ಅಂಗಳದಲ್ಲಿ ಅವನನ್ನು ಅಳಗುಳಿಮಣೆಗೆ ಕರೆದರು. ಸೋಲಿಸಿದರು. “ಕಾಳು ಹಂಚೋ ಈ ಲೆಕ್ಕಾನ ಕಂಪ್ಯೂಟರಿಗೆ ಹೇಳಿಕೊಡೋದು ಹೇಗೆ ಗೊತ್ತಾ?” ಎಂದು ಕೇಳಿದರು. ಪಾಠ ಶುರುವಾದದ್ದು ಹಾಗೆ.

ಕರೆ ಬಂತು. ಪರದೆಯ ಮೇಲೆ ನಕಿಮೂಲಿ ಎಂಬ ಹೆಂಗಸು ನಕ್ಕಳು.

“ಜೈಲಿನಲ್ಲಿದ್ದೀರಿ ಅಂತ ಅರ್ಜಿಯಲ್ಲೇ ಬರೆದಿದ್ದೀರಿ. ಬಿಟ್ಟು ಬರೋದಕ್ಕೆ ಅಡ್ಡಿ ಇಲ್ಲ ತಾನೆ?”

“ಇಲ್ಲ ಮೇಡಂ. ಈ ತಿಂಗಳಲ್ಲೇ ಬಿಡ್ತಾರೆ.”

“ಹವ್ಯಾಸ?”

“ಅಳಗುಳಿಮಣೆ. ಅದನ್ನೇ ಆಡೋ ಪ್ರೋಗ್ರಾಂ ಕಳಿಸಿದ್ದೆ.”

“ಆಡಿದೆ. ನನಗೇ ಮಣ್ಣು ಮುಕ್ಕಿಸಿತು. ಆ ತಂತ್ರ ಯಾರದ್ದು? ಯಾರು ಕಲಿಸಿದರು?”

ಲ್ಯಾಪ್‌ಟಾಪಿನ ಹಿಂದೆ ನಿಂತಿದ್ದ ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಒಕಿರೋರನಿಗೆ ಹೆಸರು ಬಾಯಿಗೆ ಬಂದೇಬಿಟ್ಟಿತ್ತು.

“ನಂದೇ ಮೇಡಂ. ನಾನಾಗೇ ಕಲಿತೆ.”

“ಹಾಗಿದ್ದರೆ ನೀವು ನಮಗೆ ಬೇಕು. ಮುಂದಿನ ತಿಂಗಳು ಬನ್ನಿ.”

ಪರದೆ ಕಪ್ಪಾಯಿತು. ಮೇಷ್ಟ್ರು ಅವನ ಬೆನ್ನು ತಟ್ಟಿದರು. ಖುಷಿ ಪಡಬೇಕಾದವನು ಮುಖ ಎತ್ತಲಾರದೆ ಕುಳಿತಿದ್ದ.

“ನಿಮ್ಮ ಹೆಸರು ನುಂಗಿಬಿಟ್ಟೆ.”

“ಹೇಳಿದ್ದರೆ ಅದು ನಿನ್ನ ಕೆಲಸಾನೇ ನುಂಗ್ತಿತ್ತು. ನನ್ನ ಹೆಸರು ಪೇಪರಿನಲ್ಲಿ ಓದಿದವರು ಕಂಪಾಲಾದಲ್ಲಿ ಇನ್ನೂ ಇದ್ದಾರೆ.”

“ನೀವು ಬರೋದು ಯಾವಾಗ ಮೇಷ್ಟ್ರೇ?”

“ನನಗೆ ಅಂಥ ಅವಸರ ಇಲ್ಲಪ್ಪ.”

ಸಂಜೆ ಎಣಿಕೆಯ ಗಂಟೆ ಹೊಡೆಯಿತು. ಒಕಿರೋರ್ ಎರವಲು ಅಂಗಿ ಕಳಚಿ ಮಡಚಿಟ್ಟ. ಇಬ್ಬರೂ ಉದ್ದನೆಯ ಓಣಿ ದಾಟಿ ಕೊನೆಯ ಕೋಣೆಯ ಮುಂದೆ ನಿಂತರು.

ಒಕಿರೋರ್ ಖಾಕಿ ಜೇಬಿನಿಂದ ಕೀಲಿಕೈ ತೆಗೆದು ಬಾಗಿಲು ತೆರೆದ. ಮೇಷ್ಟ್ರು ಕೈದಿಯ ಹಳದಿ ಅಂಗಿಯ ತೋಳು ಇಳಿಸಿಕೊಂಡು ಒಳಗೆ ಹೋದರು. ಅವನು ಹೊರಗಿನಿಂದ ಬೀಗ ಹಾಕಿದ.