ಒಂದು ಸುತ್ತು ಮೂಗುಬಟ್ಟು

ಪರದೆಯ ಮೇಲೆ ಕುರಿಗಾರನ ಹೆಂಡತಿ ಹಸಿದಿದ್ದಳು. ಗಂಡ ಬಂದು, "ಉಂಡಿ ಏನು?" ಎಂದು ಕೇಳಿದ. ಆಕೆ ಬರಿದಾದ ಗಡಿಗೆಯ ಬಾಯಿ ಮುಚ್ಚಿದಳು. ಎರಡು ಬೆರಳಲ್ಲಿ ಮೂಗುಬಟ್ಟನ್ನು ಹಿಡಿದು ಒಂದು ಸುತ್ತು ತಿರುವಿ, "ಉಂಡೀನಿ" ಎಂದಳು. ಕಣ್ಣೀರಿಲ್ಲ, ಪಿಟೀಲಿಲ್ಲ. ಕೂಡ್ಲಿಗಿಯ ಟಾಕೀಸಿನಲ್ಲಿ ಚಪ್ಪಾಳೆ ಬಿತ್ತು. ಪಾಲಾಕ್ಷಪ್ಪನ ಮುಖವೂ ಬಿತ್ತು.

ಆ ತಿರುವು ನಟಿಯದಲ್ಲ. ಅವನ ಪಕ್ಕದಲ್ಲೇ ಕೂತಿದ್ದ ಹೆಂಡತಿ ಹಂಪಕ್ಕನದು. ಚಿತ್ರೀಕರಣಕ್ಕೆ ಮುಂಚೆ ಕುರಿ ಕಾಯುವುದನ್ನೂ ರೊಟ್ಟಿ ಬಡಿಯುವುದನ್ನೂ ಕಲಿಯಲೆಂದು ಆ ನಟಿ ಹೊಸಹಳ್ಳಿಯ ಅವರ ಮನೆಯಲ್ಲಿ ಕೆಲವು ದಿನ ಇದ್ದಳು. ರೊಟ್ಟಿ ಕೊನೆಗೂ ದುಂಡಗಾಗಲಿಲ್ಲ. ಹಂಪಕ್ಕನ ನಡಿಗೆ, ಸೆರಗು ಸಿಕ್ಕಿಸುವ ರೀತಿ, ಕುರಿಗೆ ಬೈಯುವ ದನಿ ಎಲ್ಲವನ್ನೂ ಮಾತ್ರ ಕಟ್ಟಿಕೊಂಡು ಹೋಗಿದ್ದಳು. ಅದಕ್ಕೆ ಪಾಲಾಕ್ಷಪ್ಪನ ತಕರಾರಿರಲಿಲ್ಲ. ತಕರಾರು ಮೂಗುಬಟ್ಟಿನದು. ಸಿನಿಮಾದಲ್ಲಿ ಆಕೆ ಅದನ್ನು ಸುಮ್ಮಸುಮ್ಮನೆ ತಿರುವುತ್ತಿರಲಿಲ್ಲ. ಗಂಡನಿಗೆ ಸುಳ್ಳು ಹೇಳುವಾಗ ಮಾತ್ರ ತಿರುವುತ್ತಿದ್ದಳು.

ಅವನು ಸಿನಿಮಾ ಬಿಟ್ಟು ತನ್ನ ಸಂಸಾರವನ್ನೇ ಹಿಂದಕ್ಕೆ ಓಡಿಸಿ ನೋಡತೊಡಗಿದ. ಕರಿ ಮರಿಯನ್ನು ತೋಳ ಒಯ್ದಿತು ಎಂದಾಗ ಹಂಪಕ್ಕ ತಿರುವಿದ್ದಳು. ಆ ಮರಿ ಆಮೇಲೆ ಅವಳ ತವರಿನ ಹಟ್ಟಿಯಲ್ಲಿ ಕೊಬ್ಬಿ ಮೇಯುತ್ತಿದ್ದುದನ್ನು ಅವನೇ ಕಂಡು ಸುಮ್ಮನಾಗಿದ್ದ. ಅವನ ಅಕ್ಕನ ಅಡುಗೆ ಬಲು ರುಚಿ ಎಂದಾಗಲೂ ತಿರುವಿದ್ದಳು. ಅದನ್ನು ಬಿಡಬಹುದು, ಅಲ್ಲಿ ಅವನೂ ಸುಳ್ಳೇ ಹೇಳಿದ್ದ. ಹೀಗೆ ನೆನಪು ಒಂದೊಂದಾಗಿ ಸರಿಯುತ್ತ ಬಂದು ಹೋದ ತಿಂಗಳ ಒಂದು ಸಂಜೆಗೆ ನಿಂತಿತು. ಎದೆಯಲ್ಲಿ ಗಂಟಾಗಿದೆ ಎಂದು ದಾವಣಗೆರೆಯ ಡಾಕ್ಟರಿಗೆ ತೋರಿಸಲು ಅವಳು ಒಬ್ಬಳೇ ಬಸ್ಸು ಹತ್ತಿದ್ದಳು. ಅವನಿಗೆ ಕುರಿ ಬಿಟ್ಟು ಹೋಗಲಾಗಿರಲಿಲ್ಲ. ವಾಪಸು ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಏನೂ ಇಲ್ಲಂತ" ಎಂದಿದ್ದಳು. ಆಗ ಅವಳ ಕೈ ಎಲ್ಲಿತ್ತು? ಎಷ್ಟು ನೆನೆದರೂ ಚಪ್ಪಲಿಯೇ ಕಾಣುತ್ತಿತ್ತು.

ಸಿನಿಮಾ ಮುಗಿದ ಮೇಲೆ ಹಂಪಕ್ಕನ ತಮ್ಮ ಬೀರಲಿಂಗೇಶ್ ಇಬ್ಬರನ್ನೂ ತನ್ನ ಆಟೋದಲ್ಲಿ ಕೂರಿಸಿಕೊಂಡು ಹೊರಟ. ಅವನೂ ಸಿನಿಮಾ ನೋಡಿದ್ದ, ಬಾಯಿ ನಿಲ್ಲುತ್ತಿರಲಿಲ್ಲ.

"ಆಕಿಗೆ ಪ್ರಶಸ್ತಿ ಕೊಡಬೇಕು ನೋಡು ಮಾವ. ಅಕ್ಕನ್ನ ಅಚ್ಚು ಒತ್ತಿದಂಗ ಮಾಡ್ಯಾಳ," ಎಂದವನೇ ಹೆಣ್ಣುದನಿ ತೆಗೆದು, ಮೂಗು ಹಿಡಿದು ತಿರುವಿ, "ಉಂಡೀನಿ" ಎಂದ.

"ಲೇ ಬೀರ್ಯಾ, ಮುಂದ ನೋಡಿ ಹೊಡಿ," ಎಂದಳು ಹಂಪಕ್ಕ.

ಪಾಲಾಕ್ಷಪ್ಪ ಅವಳತ್ತ ಬಾಗಿ ಮೆಲ್ಲಗೆ ಕೇಳಿದ: "ಆಕಿಗೆ ಅದನ್ನ ನೀನ ಕಲಿಸಿದ್ದಾ?"

"ನಾ ರೊಟ್ಟಿ ಕಲಿಸೀನಿ. ಅದನ್ನ ಆಕಿನ ನೋಡ್ಕೊಂಡು ಹೋಗ್ಯಾಳ." ಸ್ವಲ್ಪ ದೂರ ಹೋದ ಮೇಲೆ, ಯಾರೂ ಕೇಳದಿದ್ದರೂ, "ನನಗೂ ಗೊತ್ತಿರಲಿಲ್ಲ," ಎಂದಳು. ಊರು ಬರುವವರೆಗೂ ಅವಳ ಎರಡೂ ಕೈ ಸೆರಗಿನೊಳಗೇ ಇದ್ದವು.

ಮರುದಿನ ಬೆಳಿಗ್ಗೆ ಪಾಲಾಕ್ಷಪ್ಪ ಹಟ್ಟಿಯ ಬಾಗಿಲಲ್ಲಿ ಹೊಂಚು ಹಾಕಿದ. ರೊಟ್ಟಿ ಬಡಿಯುವಾಗ ಕೇಳಬಾರದು, ಕೈ ಹಿಟ್ಟಿನಲ್ಲಿರುತ್ತದೆ. ನೀರು ಸೇದುವಾಗಲೂ ಬೇಡ. ಅವಳು ಕೆಲಸವೆಲ್ಲ ಮುಗಿಸಿ, ಕೈ ಒರೆಸಿಕೊಂಡು, ಕಟ್ಟೆಯ ಮೇಲೆ ಚಹಾ ಇಟ್ಟುಕೊಂಡು ಕೂತಾಗ ಹೋಗಿ ಎದುರಿಗೆ ಕೂತ.

"ಅವತ್ತು ಡಾಕ್ಟರು ಏನಂದ್ರು? ಇನ್ನೊಮ್ಮೆ ಹೇಳು."

"ಏನೂ ಇಲ್ಲ ಅಂದ್ರು. ಹೇಳಿದ್ನೆಲ್ಲ."

ಅವನ ಕಣ್ಣು ಅವಳ ಕೈಯ ಮೇಲೆಯೇ ಇತ್ತು. ಕೈ ಮಡಿಲಲ್ಲೇ ಇತ್ತು, ಕದಲಲಿಲ್ಲ. ಹಿಡಿದಿದ್ದ ಉಸಿರು ಬಿಟ್ಟು ಅವನು ತಲೆಯೆತ್ತಿದ.

ಹಂಪಕ್ಕನ ಮೂಗಿನಲ್ಲಿ ಮೂಗುಬಟ್ಟು ಇರಲಿಲ್ಲ. ತೂತು ಮುಚ್ಚದಿರಲೆಂದು ಅಲ್ಲೊಂದು ಹಸಿ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು.