ಹಸಿರು ಪಟ್ಟಿಯವರು

ರೋಗಿಯನ್ನು ಕೊನೆಗೆ ಮುಟ್ಟಿದ ನರ್ಸಿನ ಲೆಕ್ಕಕ್ಕೇ ಸಾವು ಬೀಳುವ ಕಾಲವದು. ಮಣಿಕಟ್ಟಿನ ಪಟ್ಟಿ ಹಸಿರಿದ್ದವಳು ಒಳ್ಳೆಯ ನರ್ಸು, ಸಾವು ಲೆಕ್ಕಕ್ಕೆ ಬಿದ್ದು ಕೆಂಪಾದವಳು ಯಮನ ತಂಗಿ. ಹಾಗಾಗಿ ಉಸಿರು ಕುಸಿಯುತ್ತಲೇ ಕೈ ತೆಗೆದು ದೂರ ನಿಲ್ಲುವುದು ಆ ಆಸ್ಪತ್ರೆಯ ವಾಡಿಕೆ. ಹೊಸಬರಿಗೆ ಮೊದಲು ಕಲಿಸುತ್ತಿದ್ದುದೂ ಅದನ್ನೇ.

ನರ್ಸ್ ಹುಸೇನಮ್ಮನೂ ಹಾಗೇ ನಿಂತಿದ್ದಳು. ಗಣಿಧೂಳು ಕುಡಿದು ಎದೆ ಕೆಟ್ಟ ಮುದುಕಿ ತಿಪ್ಪವ್ವ ಮಂಚದ ಮೇಲೆ ಗಾಳಿಯಲ್ಲೇ ಕೈ ತಡಕಾಡುತ್ತಿದ್ದಳು.

"ಯವ್ವಾ, ಯಾರರ ಅದೀರೇನ್ ಇಲ್ಲಿ?"

"ಮುಟ್ಟಬ್ಯಾಡಕ್ಕಾ," ಜೊತೆಯ ನರ್ಸ್ ನಾಗರತ್ನ ಪಿಸುಗುಟ್ಟಿದಳು. "ಪುಣ್ಯ ಕಟಗೊಳ್ಳಾಕ ಹೋಗಿ ಕೆಲಸ ಕಳಕೊಂಡು ಮನಿಗೆ ಹೋಗ್ತಿ ನೋಡು."

"ಕಲ್ಲಾಗಿ ನಿಲ್ಲಾಕ ನರ್ಸೇ ಆಗಬೇಕಿತ್ತೇನ?" ಎಂದ ಹುಸೇನಮ್ಮ ಮುದುಕಿಯ ಎರಡೂ ಕೈ ಹಿಡಿದು ಕೂತಳು. "ಅದೀನವ್ವಾ, ಇಲ್ಲೇ ಅದೀನಿ."

ಹಿಡಿದ ಬೆರಳುಗಳು ಸಡಿಲವಾದವು. ಪಟ್ಟಿ ಕೆಂಪಾಯಿತು.

ಅಷ್ಟರಲ್ಲಿ ಹೊರಗೆ ಹೆರಿಗೆ ನೋವಿನ ಹುಡುಗಿಯೊಬ್ಬಳು ಚೀರಿದಳು. ಮಗು ಕಾಲು ಮುಂದಾಗಿ ಬರುತ್ತಿತ್ತು. ಹುಸೇನಮ್ಮ ಓಡಿದಳು. ಹುಡುಗಿಯ ಅತ್ತೆ ಪಟ್ಟಿ ನೋಡಿದವಳೇ ಅಡ್ಡ ನಿಂತಳು.

"ದೂರ ಸರಿ! ಒಂದು ಜೀವ ನುಂಗಿ ಬಂದೀಯಲ್ಲ. ಹಸಿರಿನಾಕಿನ್ನ ಕಳಸು."

ಹುಸೇನಮ್ಮ ತಿರುಗಿ ನೋಡಿದಳು. ಮಗುವಿನ ಕಾಲು ಕಂಡದ್ದೇ ಹಸಿರು ಪಟ್ಟಿಯವರೆಲ್ಲ ಒಬ್ಬೊಬ್ಬರಾಗಿ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು.